ಕಳೆದೇ ಹೋಗದ ಅರವತ್ತೊಂಬತ್ತು ಜಿಬಿ

ಒಂದು ಟಿಬಿ ಹಾರ್ಡ್ ಡಿಸ್ಕ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಪರದೆಯ ಮೇಲೆ 931 ಜಿಬಿ ಅಂತ ಬರುತ್ತದೆ. ಊರಿಗೆಲ್ಲ ಗೊತ್ತಿರುವ ವಿಷಯ, ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ ಬಿಡಿ. ಆದರೂ ಯಾರ ಮನೆಗೆ ಹೊಸ ಡಿಸ್ಕ್ ಬಂದರೂ ಮೊದಲ ದಿನ ಇದೇ ಮಾತು. ಅಂಗಡಿಯವನು ಟೋಪಿ ಹಾಕಿದ ಅಂತ ಒಬ್ಬರು, ಕಂಪನಿಯವರೇ ಒಳಗೆ ಒಂದಿಷ್ಟು ಇಟ್ಟುಕೊಂಡಿರ್ತಾರೆ ಅಂತ ಇನ್ನೊಬ್ಬರು. ಸ್ವಲ್ಪ ತಿಳಿದವರಾದರೆ, ಫಾರ್ಮ್ಯಾಟ್ ಮಾಡುವಾಗ ಅಷ್ಟು ತಿಂದುಹಾಕುತ್ತದೆ ಅಂತಾರೆ. ಕಳೆದದ್ದು ಎಷ್ಟು ಅನ್ನುವುದರಲ್ಲೂ ಒಮ್ಮತವಿಲ್ಲ ನೋಡಿ ಮೇಷ್ಟ್ರೇ. ಟಿಬಿ ಅಂದರೆ ಸಾವಿರ ಜಿಬಿ ಅಂದುಕೊಂಡವರಿಗೆ 69 ಹೋಯಿತು. 1024 ಜಿಬಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ ಹುಡುಗರಿಗೆ 93 ಹೋಯಿತು. ಒಂದೇ ಡಿಸ್ಕು, ಎರಡು ನಷ್ಟ!

ನಿಜವಾಗಿ ಏನೂ ಹೋಗಿಲ್ಲ. ಡಬ್ಬಿಯ ಮೇಲಿನ ಒಂದು ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟು. ಅಷ್ಟೂ ಡಿಸ್ಕಿನಲ್ಲಿ ಇದೆ, ಹದಿನಾರಾಣೆ ಸತ್ಯ. ಸಾವಿರಕ್ಕೊಂದು ಕಟ್ಟು ಕಟ್ಟಿಕೊಂಡು ಹೋದರೆ ಸಾವಿರ ಜಿಬಿ ಆಗುತ್ತದೆ. ವಿಂಡೋಸ್ ಮಾತ್ರ 1024ಕ್ಕೊಂದು ಕಟ್ಟು ಕಟ್ಟುತ್ತದೆ. ಆ ಕಟ್ಟುಗಳನ್ನು ಮತ್ತೆ 1024ರಂತೆ, ಅವನ್ನು ಇನ್ನೊಮ್ಮೆ 1024ರಂತೆ. ಹಾಗೆ ಎಣಿಸಿದಾಗ ಬರುವುದು 931 ಚಿಲ್ಲರೆ. ಎಣಿಕೆಯಲ್ಲಿ ತಪ್ಪಿಲ್ಲ. ಎಣಿಸಿ ಮುಗಿಸಿ, ಆ ಸಂಖ್ಯೆಯ ಪಕ್ಕದಲ್ಲಿ ಜಿಬಿ ಅಂತ ಬರೆಯುತ್ತದಲ್ಲ, ಎಡವಿರುವುದು ಅಲ್ಲಿ. ಡಬ್ಬಿಯ ಮೇಲಿನ ಜಿಬಿ ನೂರು ಕೋಟಿ ಬೈಟು. ಪರದೆಯ ಮೇಲಿನ ಜಿಬಿ 1,07,37,41,824 ಬೈಟು. ಎರಡು ಬೇರೆ ಬೇರೆ ಅಳತೆ, ಹೆಸರು ಮಾತ್ರ ಒಂದೇ. ಜಗಳ ಆಗದೆ ಇರುತ್ತದೆಯೆ?

1024 ಎಲ್ಲಿಂದ ಬಂತು ಅಂತ ಗಣಿತ ಕಲಿಸಿದ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡನ್ನು ಹತ್ತು ಸಲ ಗುಣಿಸಿದರೆ 1024. ಮೆಮೊರಿ ಚಿಪ್ಪಿನಲ್ಲಿ ಯಾವ ಮನೆಗೆ ಹೋಗಬೇಕು ಅಂತ ತಿಳಿಸುವುದು ತಂತಿಗಳು; ಪ್ರತಿ ತಂತಿಗೂ ಇದೆ, ಇಲ್ಲ ಅಂತ ಎರಡೇ ಸ್ಥಿತಿ. ಹತ್ತು ತಂತಿ ಎಳೆದರೆ 1024 ಮನೆಗಳಿಗೆ ವಿಳಾಸ ಸಿಗುತ್ತದೆ. ಸಾವಿರಕ್ಕೇ ನಿಲ್ಲಿಸಿದರೆ 24 ವಿಳಾಸ ದಂಡ. ಹಾಗಾಗಿ ರ್‍ಯಾಮ್ ಇವತ್ತಿಗೂ ಎರಡರ ಲೆಕ್ಕದಲ್ಲೇ ಬರುತ್ತದೆ, ಅದು ನ್ಯಾಯವೂ ಹೌದು. ಡಿಸ್ಕಿಗೆ ಆ ಕಟ್ಟುಪಾಡು ಇಲ್ಲ. ಇಷ್ಟು ಟ್ರ್ಯಾಕು, ಅದಕ್ಕೆ ಇಷ್ಟು ಸೆಕ್ಟರು, ಗುಣಿಸಿದರೆ ಎಷ್ಟು ಬರುತ್ತದೋ ಅಷ್ಟು. 1956ರಲ್ಲಿ ಐಬಿಎಂನವರು ಮೊದಲ ಡಿಸ್ಕ್ ಮಾರಿದಾಗಲೇ ಅದರಲ್ಲಿ ಐವತ್ತು ಲಕ್ಷ ಅಕ್ಷರ ಹಿಡಿಯುತ್ತದೆ ಅಂತ ಹತ್ತರ ಲೆಕ್ಕದಲ್ಲೇ ಹೇಳಿದ್ದರು. ತಂತಿಯ ಮೇಲೆ ಹರಿಯುವ ಡೇಟಾದ ವೇಗಕ್ಕೂ ಮೊದಲಿನಿಂದ ಹತ್ತರ ಲೆಕ್ಕವೇ. ಹಳೇ ಮೋಡೆಮ್ಮಿನ 56 ಕೆ ಅಂದರೆ ಸೆಕೆಂಡಿಗೆ 56,000 ಬಿಟ್ಟು, ಅಷ್ಟೇ. ಅಂದಮೇಲೆ 1024 ಬೇಕಾಗಿದ್ದದ್ದು ಮೆಮೊರಿಯೊಂದಕ್ಕೆ. ಅದು ತನ್ನ ಮನೆ ಬಿಟ್ಟು ಬೀದಿಗೆಲ್ಲ ಓಡಾಡಿತು.

ಮೊದಮೊದಲು ಯಾರಿಗೂ ಇದರಿಂದ ತೊಂದರೆ ಆಗಲಿಲ್ಲ. ಸಾವಿರಕ್ಕೂ 1024ಕ್ಕೂ ಶೇಕಡಾ 2.4 ವ್ಯತ್ಯಾಸ, ಯಾರು ಕೇಳ್ತಾರೆ? ಆದರೂ ಆಗಲೇ ಗೊಂದಲದ ಮೊಳಕೆ ಇತ್ತು. 65,536 ಬೈಟು ಮೆಮೊರಿಯನ್ನು ಕೆಲವರು 64 ಕೆ ಅಂದರು, ಸಾವಿರದಿಂದ ಭಾಗಿಸಿದವರು 65 ಕೆ ಅಂದರು. ಸಣ್ಣ ಕೆ ಬರೆದರೆ ಸಾವಿರ, ದೊಡ್ಡ ಕೆ ಬರೆದರೆ 1024 ಅಂತ ಒಂದು ರೂಢಿ ಬಂತು. ಕಿಲೋದ ಮಟ್ಟಿಗೆ ಅದು ಚೆನ್ನಾಗಿಯೇ ನಡೆಯಿತು. ಮೆಗಾ ಬಂದಾಗ ಬಾಗಿಲು ಹಾಕಿತು, ಯಾಕಂದರೆ ಮೆಗಾದ ಎಂ ಮೊದಲೇ ದೊಡ್ಡದು, ಸಣ್ಣ ಎಂ ಬರೆದರೆ ಮಿಲಿ ಆಗಿಬಿಡುತ್ತದೆ!

1968ರಲ್ಲಿ ಅಮೆರಿಕದ ಕಂಪ್ಯೂಟರ್ ವಿದ್ವಾಂಸರ ಸಂಘ ಎಸಿಎಂನ ಪತ್ರಿಕೆಯಲ್ಲಿ ಇದರ ಬಗ್ಗೆ ಪತ್ರಗಳು ಬಂದಿವೆ. ಡೊನಾಲ್ಡ್ ಮಾರಿಸನ್ ಅನ್ನುವವರು 1024ಕ್ಕೆ ಗ್ರೀಕಿನ ಕಪ್ಪಾ ಅಕ್ಷರ ಇಟ್ಟುಕೊಳ್ಳೋಣ ಅಂದರು. ಎಷ್ಟು ಚೆಂದದ ಯೋಚನೆ, ಅಲ್ವಾ? ಆದರೆ ಕೈಯಲ್ಲಿ ಬರೆದರೆ ಕಪ್ಪಾ ಯಾವುದು, ಇಂಗ್ಲಿಷಿನ ಸಣ್ಣ ಕೆ ಯಾವುದು ಅಂತ ಹುಡುಕಲು ಕನ್ನಡಕ ಬೇಕು. ವಾಲೆಸ್ ಗಿವೆನ್ಸ್ ಅನ್ನುವವರು ಕೆ ಹಿಂದೆ ಒಂದು ಸಣ್ಣ ಬಿ ಸೇರಿಸೋಣ ಅಂದರು. ಯಾವುದೂ ನಿಲ್ಲಲಿಲ್ಲ. ಈ ಕ್ಷೇತ್ರದ ಭೀಷ್ಮ ಡೊನಾಲ್ಡ್ ಕ್ನೂತ್ ಕೂಡ ಎಷ್ಟೋ ವರ್ಷಗಳ ಮೇಲೆ ಒಂದು ಸಲಹೆ ಕೊಟ್ಟರು. ಅದನ್ನು ದೊಡ್ಡ ಕಿಲೋಬೈಟ್ ಅನ್ನಿ, ಬರೆಯುವಾಗ ಕೆಕೆಬಿ ಅಂತ ಎರಡು ಕೆ ಹಾಕಿ ಅಂತ. ಅಕ್ಷರ ಎರಡು ಸಲ ಬಂದರೆ ಎರಡರ ಲೆಕ್ಕ ಅಂತಲೂ ಆಯಿತು, ದೊಡ್ಡದು ಅಂತಲೂ ಆಯಿತು. ನನಗೆ ಈ ಕೆಕೆಬಿ ಬಹಳ ಇಷ್ಟ. ಯಾರೂ ಬಳಸಲಿಲ್ಲ ಅನ್ನುವುದು ಬೇರೆ ಮಾತು.

ಇದೆಲ್ಲ ಓದುವಾಗ ನನಗೆ ನಮ್ಮಜ್ಜಿಯ ನೆನಪು ಬರುತ್ತದೆ. ನೀವೂ ನಯಾಪೈಸೆ ಕಂಡವರೇ ಅಲ್ವಾ ಮೇಷ್ಟ್ರೇ? 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಒಟ್ಟು ಅರವತ್ನಾಲ್ಕು. ನಮ್ಮ ರೂಪಾಯಿಯೂ ಎರಡರ ಲೆಕ್ಕದಲ್ಲೇ ಇತ್ತು! ಅರ್ಧ, ಕಾಲು, ಅರೆಕಾಲು, ವೀಸ ಅಂತ ಮುರಿಯುತ್ತಾ ಹೋಗುವವರಿಗೆ ಅದೇ ಸಲೀಸು. ಆ ಏಪ್ರಿಲಿನಿಂದ ರೂಪಾಯಿಗೆ ನೂರು. ಹೆಸರು ಮಾತ್ರ ಪೈಸೆಯೇ. ಹಳೇ ಪೈಸೆ ರೂಪಾಯಿಯಲ್ಲಿ ಅರವತ್ನಾಲ್ಕನೇ ಒಂದು ಪಾಲು, ಹೊಸದು ನೂರನೇ ಒಂದು ಪಾಲು, ಎರಡೂ ಒಂದೇ ಸಂತೆಯಲ್ಲಿ ಓಡಾಡಬೇಕು. ಸರ್ಕಾರದವರು ಆಗ ಏನು ಮಾಡಿದರು? ಹೊಸದರ ಮೇಲೆ ನಯಾಪೈಸೆ ಅಂತ ಅಚ್ಚು ಹಾಕಿಸಿದರು. ಹಳೆಯದು ಚಲಾವಣೆಯಿಂದ ಮರೆಯಾಗಿ ಯಾರಿಗೂ ಗೊಂದಲ ಉಳಿಯದೆ ಹೋದಮೇಲೆ, 1964ರ ಜೂನಿನಲ್ಲಿ, ಆ ನಯಾ ತೆಗೆದರು. ಎಂಥ ಅಚ್ಚುಕಟ್ಟು ಕೆಲಸ!

ಅಜ್ಜಿಯ ತಕರಾರು ಬೇರೆಯೇ ಇತ್ತು. ಬದಲಾಯಿಸುವ ಪಟ್ಟಿಯಲ್ಲಿ ಒಂದಾಣೆಗೆ ಆರು ನಯಾಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಒಂದೊಂದಾಣೆಯ ಸೊಪ್ಪು ನಾಲ್ಕು ಸಲ ತಂದರೆ ಇಪ್ಪತ್ನಾಲ್ಕು ಪೈಸೆ, ಒಟ್ಟಿಗೆ ತಂದರೆ ಇಪ್ಪತ್ತೈದು. ಆ ಒಂದು ಪೈಸೆ ಎಲ್ಲಿ ಹೋಯಿತು ಅಂತ ಅಜ್ಜಿ ಕಡೇವರೆಗೂ ಕೇಳುತ್ತಿದ್ದಳು. ಸೊಪ್ಪಿನವಳಿಗೆ ಬೈಯುವುದು ಬಿಟ್ಟಿರಲಿಲ್ಲ, ಪಾಪ ಅವಳದೇನು ತಪ್ಪು? ಆಣೆಗೆ ಆರೂಕಾಲು ಪೈಸೆ ಆಗಬೇಕಿತ್ತು, ಕಾಲು ಪೈಸೆಯ ನಾಣ್ಯ ಇಲ್ಲ, ಅಷ್ಟೇ.

ಎಲ್ಲಿಂದೆಲ್ಲಿಗೋ ಹೋಯಿತು ಮಾತು. ಇರಲಿ, ನಯಾಪೈಸೆಯಲ್ಲಿ ಆದ ಕೆಲಸವೇ ಬೈಟಿಗೂ ಆಗಿದೆ ಅಂತ ಹೇಳೋಕೆ ಹೊರಟಿದ್ದೆ. 1998ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಒಪ್ಪಿ, 1024ರ ಲೆಕ್ಕಕ್ಕೆ ಬೇರೆ ಹೆಸರು ಇಟ್ಟಿತು. ಕಿಲೋ ಇದ್ದಲ್ಲಿ ಕಿಬಿ, ಮೆಗಾ ಇದ್ದಲ್ಲಿ ಮೆಬಿ, ಗಿಗಾಕ್ಕೆ ಗಿಬಿ, ಟೆರಾಕ್ಕೆ ಟೆಬಿ. ಬರೆಯುವಾಗ ಜಿ ಮತ್ತು ಬಿ ನಡುವೆ ಒಂದು ಸಣ್ಣ ಐ, ಜಿಐಬಿ. ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಕೂತು ಮೀಟರು ಕಿಲೋಗ್ರಾಮು ಕಾಯುವ ತೂಕ-ಅಳತೆಗಳ ಬ್ಯೂರೋ ಕೂಡ ತನ್ನ ಕೈಪಿಡಿಯಲ್ಲಿ ಕಿಲೋ ಅಂದರೆ ಸಾವಿರ ಮಾತ್ರ, ಎರಡರ ಲೆಕ್ಕಕ್ಕೆ ಇದನ್ನು ಬಳಸಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಕಾಲು ಶತಮಾನ ದಾಟಿತು. ಮಾತಿನಲ್ಲಿ ಯಾರೂ ಗಿಬಿಬೈಟು ಅನ್ನುವುದಿಲ್ಲ, ಅಂದರೆ ಎದುರಿಗಿರುವವರು ನಗುತ್ತಾರೆ. ಬಾಯಲ್ಲಿ ಹೇಳದಿದ್ದರೆ ಬೇಡ, ನನ್ನ ತಕರಾರಿಲ್ಲ. ಬರೆಯುವಲ್ಲಿ ಆ ಐ ಇರಲಿ ಅನ್ನುವುದಷ್ಟೇ ನನ್ನ ಹಟ. ಅದಕ್ಕೆ ಕಾಗದ ಬೇಡ, ಶಾಯಿ ಬೇಡ, ದುಡ್ಡು ಬೇಡ.

ಅದೇನು ಕೂದಲು ಸೀಳುತ್ತೀರಿ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಕಿಲೋದಲ್ಲಿ 2.4 ಇದ್ದ ವ್ಯತ್ಯಾಸ ಮೆಗಾಕ್ಕೆ ಬರುವಾಗ ಹತ್ತಿರಹತ್ತಿರ ಐದು, ಗಿಗಾಕ್ಕೆ 7.4, ಟೆರಾಕ್ಕೆ ಹತ್ತು ಅನ್ನಿ. ಮೆಟ್ಟಿಲು ಹತ್ತಿದಂತೆಲ್ಲ ಸಂದು ಅಗಲವಾಗುತ್ತದೆ. 2022ರಲ್ಲಿ ಅಳತೆಯವರು ಸಭೆ ಸೇರಿ ರೊನ್ನಾ, ಕ್ವೆಟ್ಟಾ ಅಂತ ಇನ್ನೂ ದೊಡ್ಡ ಹೆಸರುಗಳನ್ನು ಸೇರಿಸಿದ್ದಾರೆ. ಕ್ವೆಟ್ಟಾದ ಮಟ್ಟದಲ್ಲಿ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ನೂರಕ್ಕೆ ಇಪ್ಪತ್ತಾರು ಮೀರುತ್ತದೆ. ನೂರಕ್ಕೆ ಎರಡಿದ್ದಾಗ ಹೋಗಲಿ ಬಿಡಿ ಅಂದವರು ಇಪ್ಪತ್ತಾರಕ್ಕೂ ಹಾಗೇ ಅನ್ನುತ್ತಾರಾ?

ಇನ್ನು ಫ್ಲಾಪಿ. ಅದರ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮೂರೂವರೆ ಇಂಚಿನ ಆ ಚೌಕದ ಮೇಲೆ 1.44 ಎಂಬಿ ಅಂತ ಇರುತ್ತಿತ್ತಲ್ಲ? ಅದಕ್ಕೆ ಎರಡು ಮುಖ, ಮುಖಕ್ಕೆ 80 ಟ್ರ್ಯಾಕು, ಟ್ರ್ಯಾಕಿಗೆ 18 ಸೆಕ್ಟರು, ಸೆಕ್ಟರಿಗೆ 512 ಬೈಟು. ಗುಣಿಸಿ ನೋಡಿ, 14,74,560 ಬರುತ್ತದೆ. ಸಾವಿರದ ಲೆಕ್ಕದಲ್ಲಿ ಅದು 1.47 ಎಂಬಿ. 1024ರ ಲೆಕ್ಕದಲ್ಲಿ 1.41 ಸಹ ಇಲ್ಲ, ಸ್ವಲ್ಪ ಕಮ್ಮಿ. ಹಾಗಾದರೆ 1.44 ಎಲ್ಲಿಂದ ಬಂತು? ಮೊದಲಿದ್ದದ್ದು 720 ಕೆಬಿ ಫ್ಲಾಪಿ, ಅಲ್ಲಿ ಕೆಬಿ ಅಂದರೆ 1024. ಅದರ ಎರಡರಷ್ಟು 1440 ಕೆಬಿ. ಆ 1440ನ್ನು ಎಂಬಿ ಮಾಡುವಾಗ ಸಾವಿರದಿಂದ ಭಾಗಿಸಿಬಿಟ್ಟರು. ಅಂದರೆ ಆ ಫ್ಲಾಪಿಯ ಒಂದು ಎಂಬಿ ಅಂದರೆ 1000 ಗುಣಿಸು 1024! ಹತ್ತರ ಲೆಕ್ಕವೂ ಅಲ್ಲ, ಎರಡರ ಲೆಕ್ಕವೂ ಅಲ್ಲ, ಎರಡರ ಕೂಡಿಕೆ. ಜಗತ್ತಿನ ತುಂಬಾ ಮಾರಾಟವಾದ ವಸ್ತುವಿನ ಮೇಲೆ, ಒಂದು ಮೂರನೇ ಮೆಗಾಬೈಟು. ಕೂತು ಗುಣಾಕಾರ ಮಾಡಿದವರಿಗಷ್ಟೇ ಅದು ಕಾಣುತ್ತದೆ.

ಆಮೇಲೆ ಸಿಡಿ ಬಂತು. 700 ಎಂಬಿ ಅಂದರೆ 1024ರ ಲೆಕ್ಕದ್ದು. ಅದರ ತಮ್ಮ ಡಿವಿಡಿ, ನೋಡಲು ಥೇಟ್ ಅದೇ ತಟ್ಟೆ, 4.7 ಜಿಬಿ ಅಂದರೆ ಸಾವಿರದ ಲೆಕ್ಕದ್ದು. ಮದುವೆ ವಿಡಿಯೋ 4.5 ಜಿಬಿ ಇದೆ ಅಂತ ಪರದೆ ತೋರಿಸುತ್ತಿತ್ತು, 4.7ರ ಡಿವಿಡಿಗೆ ಹಾಕಲು ಹೋದರೆ ಹಿಡಿಯುತ್ತಿರಲಿಲ್ಲ. ಪರದೆಯ ಲೆಕ್ಕದಲ್ಲಿ ಆ ಡಿವಿಡಿಗೆ ಹಿಡಿಯುವುದು 4.38ರ ಆಸುಪಾಸು. ಧಾರೆ ಎರೆಯುವುದನ್ನು ಉಳಿಸಿಕೊಂಡು ಆರತಕ್ಷತೆಗೆ ಕತ್ತರಿ ಹಾಕಿದ ಮನೆಗಳು ಎಷ್ಟಿದ್ದಾವೋ.

ಈಗಿನ ಲ್ಯಾಪ್‌ಟಾಪಿನ ಚೀಟಿ ನೋಡಿ. 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಅಂತ ಒಂದೇ ಸಾಲಿನಲ್ಲಿ ಇರುತ್ತದೆ. ರ್‍ಯಾಮಿನ ಜಿಬಿ 1024ರದ್ದು, ಎಸ್‌ಎಸ್‌ಡಿಯ ಜಿಬಿ ಸಾವಿರದ್ದು. ಅದರಲ್ಲೂ 512 ಅನ್ನುವುದು ಎರಡರಿಂದಲೇ ಹುಟ್ಟಿದ ಸಂಖ್ಯೆ, ಎರಡನ್ನು ಒಂಬತ್ತು ಸಲ ಗುಣಿಸಿದ್ದು. ಸಂಖ್ಯೆ ಆ ಕಡೆಯದು, ಅಳತೆ ಈ ಕಡೆಯದು! ಪರದೆಗೆ ಬರುವಾಗ 476. ಒಂದು ಸಾಲಿನೊಳಗೆ ಒಂದೇ ಹೆಸರನ್ನು ಎರಡು ಅರ್ಥಕ್ಕೆ ಬರೆದು ಮಕ್ಕಳ ಕೈಗೆ ಕೊಟ್ಟರೆ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನೀವು ಅದನ್ನು ಬಿಡುತ್ತಿದ್ದಿರಾ?

ಕೋರ್ಟಿಗೂ ಹೋಯಿತಲ್ಲ ಈ ವ್ಯಾಜ್ಯ, ಅಮೆರಿಕದಲ್ಲಿ. ಡಿಸ್ಕಿನಲ್ಲಿ ಹೇಳಿದಷ್ಟು ಜಾಗ ಇಲ್ಲ ಅಂತ ಗ್ರಾಹಕರು ದಾವೆ ಹೂಡಿದರು. ವೆಸ್ಟರ್ನ್ ಡಿಜಿಟಲ್‌ನವರು 2006ರಲ್ಲಿ ರಾಜಿ ಮಾಡಿಕೊಂಡು ಕೊಂಡವರಿಗೆ ಬ್ಯಾಕಪ್ ಸಾಫ್ಟ್‌ವೇರ್ ಕೊಟ್ಟರು. ಸೀಗೇಟ್‌ನವರು 2007ರಲ್ಲಿ ಬೆಲೆಯಲ್ಲಿ ಶೇಕಡಾ 5 ವಾಪಸು ಇಲ್ಲವೇ ಸಾಫ್ಟ್‌ವೇರ್ ಅಂತ ಒಪ್ಪಿಕೊಂಡರು. ಕಂಪನಿಗಳ ಪರ ಮಾತಾಡಬೇಕಾದ ಋಣ ನನಗೇನಿಲ್ಲ, ಆದರೂ ನ್ಯಾಯ ಅವರ ಕಡೆ ಇತ್ತು ಅಂತಲೇ ನಾನು ಹೇಳುವುದು. ಅವರು ಗಿಗಾ ಅಂದರು, ನೂರು ಕೋಟಿ ಕೊಟ್ಟರು. ಈಗಂತೂ ಡಬ್ಬಿಯ ಮೂಲೆಯಲ್ಲಿ ಒಂದು ಜಿಬಿ ಅಂದರೆ ನೂರು ಕೋಟಿ ಬೈಟು ಅಂತ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಾದರೂ ಅಚ್ಚಾಗಿರುತ್ತದೆ. ಪರದೆಯ ಮೇಲೆ ಅಷ್ಟೂ ವಿವರಣೆ ಇಲ್ಲ.

ಆಪಲ್‌ನವರು 2009ರಲ್ಲಿ ಸ್ನೋ ಲೆಪರ್ಡ್ ಅನ್ನುವ ಆವೃತ್ತಿ ತಂದಾಗ ಸಾವಿರದ ಲೆಕ್ಕಕ್ಕೆ ಬಂದುಬಿಟ್ಟರು. ಸಾಫ್ಟ್‌ವೇರ್ ಬದಲಾಯಿಸಿದ ಮರುಗಳಿಗೆ ಎಲ್ಲರ ಡಿಸ್ಕೂ ಹಿಗ್ಗಿದ ಹಾಗೆ ಕಂಡಿತು, ಒಳಗಿದ್ದ ಕಡತಗಳೂ ಅಷ್ಟೇ ಪ್ರಮಾಣದಲ್ಲಿ ಉಬ್ಬಿದವು. ಡಬ್ಬಿ, ಪರದೆ ಎರಡೂ ಒಂದೇ ಮಾತು ಹೇಳತೊಡಗಿದವು. ಲಿನಕ್ಸ್ ಬಳಸುವವರಿಗೆ ಡಿಸ್ಕಿನ ಜಾಗ ತೋರಿಸುವ ಡಿಎಫ್ ಅನ್ನುವ ಆಜ್ಞೆ ಇದೆ. ಅದಕ್ಕೆ ಸಣ್ಣ ಎಚ್ ಸೇರಿಸಿದರೆ 1024ರ ಲೆಕ್ಕ, ದೊಡ್ಡ ಎಚ್ ಸೇರಿಸಿದರೆ ಸಾವಿರದ ಲೆಕ್ಕ. ಎರಡೂ ಇಟ್ಟಿದ್ದಾರೆ, ಬೇಕಾದ್ದು ಆರಿಸಿಕೊಳ್ಳಿ ಅಂತ. ವಿಂಡೋಸ್ ಒಂದು ಹಳೇ ದಾರಿಯಲ್ಲೇ ಇದೆ. 1024ರಲ್ಲೇ ಎಣಿಸಲಿ, ಯಾರು ಬೇಡ ಅಂದರು? ಜಿ ಪಕ್ಕದಲ್ಲಿ ಆ ಐ ಹಾಕಿದ್ದರೆ ಇಷ್ಟು ವರ್ಷಗಳಲ್ಲಿ ಎಷ್ಟು ಅಂಗಡಿಯವರು ಬೈಗುಳ ತಿನ್ನುವುದು ತಪ್ಪುತ್ತಿತ್ತು!

ನನಗೆ ನಿಜವಾಗಿ ಸಂಕಟ ಆಗುವುದು ಅದಕ್ಕೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಹುಡುಗನ ಹತ್ತಿರ ದಿನಕ್ಕೊಬ್ಬರಾದರೂ 59 ಜಿಬಿ ತೋರಿಸುವ 64ರ ಪೆನ್‌ಡ್ರೈವ್ ಹಿಡಿದು ಬಂದಿರುತ್ತಾರೆ ಅಂತಿಟ್ಟುಕೊಳ್ಳಿ. ಅದರಲ್ಲಿ ಮೋಸ ಇಲ್ಲ, 64ನ್ನು ಮೂರು ಸಲ 1.024ರಿಂದ ಭಾಗಿಸಿದರೆ 59.6 ಬರುತ್ತದೆ. ಮೋಸ ಬೇರೆ ಕಡೆ ಇದೆ. ಕೈಯಿಂದ ಕೈಗೆ ಅಗ್ಗಕ್ಕೆ ಬರುವ ಎರಡು ಟಿಬಿ ಪೆನ್‌ಡ್ರೈವ್‌ಗಳು ಇದ್ದಾವಲ್ಲ, ಒಳಗೆ ಸಣ್ಣ ಚಿಪ್ಪು ಇಟ್ಟು, ಕೇಳಿದರೆ ಎರಡು ಟಿಬಿ ಅಂತ ಸುಳ್ಳು ಹೇಳುವ ಹಾಗೆ ಕಲಿಸಿರುತ್ತಾರೆ. ಅವು ಪರದೆಯ ಮೇಲೆ ಭರ್ಜರಿಯಾಗಿ ಕಾಣುತ್ತವೆ. ಚಿಪ್ಪು ತುಂಬಿದ ಮೇಲೆ ಹಾಕಿದ ಫೋಟೋಗಳೆಲ್ಲ ಹಾಳು. ಕಡಿಮೆ ತೋರಿಸಿದ ಪ್ರಾಮಾಣಿಕ ಡ್ರೈವಿಗೆ ಬೈಗುಳ, ಹೆಚ್ಚು ತೋರಿಸಿದ ಕಳ್ಳನಿಗೆ ಶಹಬ್ಬಾಸ್. ಅಳತೆಯ ಹೆಸರು ಕಲಸಿಹೋದ ಕಡೆ ಇದೇ ಆಗುವುದು.

ಬಡವರ ಮಕ್ಕಳಿಗೂ ಈ ಗೊಂದಲ ತಟ್ಟುತ್ತದೆ ಮೇಷ್ಟ್ರೇ. ಕೆಲಸಕ್ಕೆ ಅರ್ಜಿ ತುಂಬುವಾಗ ಫೋಟೋ 50 ಕೆಬಿ ಒಳಗಿರಲಿ ಅಂತ ಇರುತ್ತದೆ. ಫೋಟೋ 50,700 ಬೈಟು ಇದ್ದರೆ ವಿಂಡೋಸ್ 49.5 ಕೆಬಿ ಅನ್ನುತ್ತದೆ. ಅರ್ಜಿಯ ಪ್ರೋಗ್ರಾಮ್ ಬರೆದವರು 50,000ಕ್ಕೆ ಗೆರೆ ಹಾಕಿದ್ದರೆ ಫೋಟೋ ವಾಪಸು. ಸೈಬರ್ ಸೆಂಟರಿನಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು, ಕಡೇ ದಿನ ಸರದಿಯಲ್ಲಿ ನಿಂತ ಹುಡುಗಿಗೆ ತನ್ನ ಫೋಟೋದಲ್ಲಿ ಏನು ದೋಷ ಅಂತಲೇ ಹೊಳೆಯುವುದಿಲ್ಲ. ಗಡಿ ಇಷ್ಟು ಬೈಟು ಅಂತ ನೇರವಾಗಿ ಬರೆದಿದ್ದರೂ ಸಾಕಿತ್ತು.

ಬಿಟ್ಟು-ಬೈಟಿನ ಗೊಂದಲ ಇನ್ನೊಂದು ಕಥೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮಗೂ ಕಾಫಿ ಹೊತ್ತಾಯಿತು. ನಿಮ್ಮ ಬ್ರಾಡ್‌ಬ್ಯಾಂಡ್ 100 ಎಂಬಿಪಿಎಸ್ ಅಂತಾರಲ್ಲ, ಅಲ್ಲಿನ ಬಿ ಸಣ್ಣದು, ಬಿಟ್ಟಿನದು. ಎಂಟು ಬಿಟ್ಟಿಗೆ ಒಂದು ಬೈಟು, ಹಾಗಾಗಿ ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಮೊನ್ನೆ ನೀವು ಇಳಿಸಿಕೊಂಡ ಒಂದು ಜಿಬಿಯ ಸಿನಿಮಾಕ್ಕೆ ಹತ್ತು ಸೆಕೆಂಡು ಸಾಲದು, ಎಂಬತ್ತು ಬೇಕು. ಆ ಜಿಬಿ ವಿಂಡೋಸಿನ ಜಿಬಿ ಆಗಿದ್ದರೆ ಎಂಬತ್ತಾರು. ಲೈನು ನಿಧಾನ ಅಂತ ಕೇಬಲ್ ಹುಡುಗನನ್ನು ಕರೆಸುವ ಮೊದಲು ಇಷ್ಟು ಭಾಗಾಕಾರ ಮಾಡಿ ನೋಡಿ.

ಅಂದಹಾಗೆ, ನಿಮ್ಮ ಮಗಳು ಈಗ ಫೈಲು ಹಂಚಿಕೊಳ್ಳುವ ಯಾವುದೋ ಆ್ಯಪಿನ ಕೆಲಸದಲ್ಲಿದ್ದಾಳೆ ಅಂದಿರಲ್ಲ? ಫೈಲಿನ ಗಾತ್ರ ತೋರಿಸುವ ಕಡೆ 1000ದಿಂದ ಭಾಗಿಸುತ್ತಾರೋ 1024ರಿಂದಲೋ ಕೇಳಿ. ಸಾವಿರವಾದರೆ ಸರಿ, ಎಂಬಿ ಅಂತಲೇ ಇರಲಿ. 1024 ಆಗಿದ್ದರೆ ಒಂದು ಐ ಸೇರಿಸಲು ಹೇಳಿ, ಕೀಲಿಮಣೆಯಲ್ಲಿ ಒಂದು ಒತ್ತು ಅಷ್ಟೇ. ರಾತ್ರಿ ಫೋನ್ ಮಾಡ್ತಾಳಲ್ವಾ, ಮರೆಯದೆ ಕೇಳ್ತೀರಾ?